ಆಹಾರ, ವ್ಯಾಯಾಮ ಮತ್ತು ತೂಕ: ಪದೇ ಪದೇ ಕೇಳುವ ಪ್ರಶ್ನೆಗಳು

ದೇಹಕ್ಷಮತೆಯ ವಿಷಯದಲ್ಲಿ ಮಾತಿನ ನಡುವೆ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲಿಯೇ ಇಲ್ಲಿ ಕೊಡಲಾಗಿದೆ. ಹೊಸದಾಗಿ ಆರಂಭಿಸುವವರ ಪ್ರಶ್ನೆಗಳು ಮೊದಲು ಬರುತ್ತವೆ, ಕೆಲವು ತಿಂಗಳು ಅಭ್ಯಾಸ ಮಾಡಿದವರ ಪ್ರಶ್ನೆಗಳು ಆನಂತರ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು. ಇವು ಆರೋಗ್ಯವಂತ ವಯಸ್ಕರನ್ನು ಗಮನದಲ್ಲಿಟ್ಟುಕೊಂಡು ಬರೆದ ಉತ್ತರಗಳು. ಗರ್ಭಿಣಿಯರು, ಬೆಳೆಯುವ ಮಕ್ಕಳು, ಮಧುಮೇಹಕ್ಕೋ ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೋ ಔಷಧಿ ತೆಗೆದುಕೊಳ್ಳುತ್ತಿರುವವರು ತಮ್ಮ ವೈದ್ಯರ ಸಲಹೆಯನ್ನೇ ಮುಂದಿಟ್ಟುಕೊಳ್ಳಬೇಕು.

## ಆರಂಭಿಸುವವರಿಗೆ

ತೂಕ ಇಳಿದರೆ ಫಿಟ್ ಆದ ಹಾಗೆಯೇ ಅಲ್ಲವೇ?

ಅಲ್ಲ. ತೂಕವೆಂಬುದು ಮೂಳೆ, ಸ್ನಾಯು, ಕೊಬ್ಬು, ನೀರು ಮತ್ತು ಹೊಟ್ಟೆಯಲ್ಲಿರುವ ಊಟ ಎಲ್ಲವೂ ಸೇರಿದ ಒಂದೇ ಮೊತ್ತ. ಆ ಮೊತ್ತದಲ್ಲಿ ಯಾವುದು ಕಡಿಮೆಯಾಯಿತು ಎಂಬುದನ್ನು ತೂಕದ ಯಂತ್ರ ಹೇಳುವುದಿಲ್ಲ. ಜ್ವರ ಬಂದು ಹತ್ತು ದಿನ ಮಲಗಿ ಎದ್ದವರ ತೂಕವೂ ಇಳಿದಿರುತ್ತದೆ, ಆದರೆ ಅವರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ.

ಕ್ಷಮತೆ ಎಂದರೆ ದೇಹ ಏನು ಮಾಡಬಲ್ಲದು ಎಂಬುದು: ಹೃದಯ ಮತ್ತು ಶ್ವಾಸಕೋಶ ಎಷ್ಟು ಹೊತ್ತು ದುಡಿಯಬಲ್ಲವು, ಸ್ನಾಯುಗಳು ಎಷ್ಟು ಭಾರ ಹೊರಬಲ್ಲವು, ಎಡವಿದಾಗ ಸಮತೋಲನ ಉಳಿಯುತ್ತದೆಯೇ, ಕೀಲುಗಳು ಪೂರ್ತಿ ಮಡಚಿ ಬಿಚ್ಚಿಕೊಳ್ಳುತ್ತವೆಯೇ. ಈ ವಿಷಯದಲ್ಲಿ ಕಣ್ಣು ತೆರೆಸಿದ ಅಧ್ಯಯನವೊಂದು 1953ರಲ್ಲಿ ಪ್ರಕಟವಾಯಿತು. ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳ ನೌಕರರನ್ನು ಗಮನಿಸಿದರು. ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ, ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಲ್ಲಿ ಹೃದಯಾಘಾತ ಗಣನೀಯವಾಗಿ ಕಡಿಮೆಯಿತ್ತು. ಚಾಲಕರು ದಪ್ಪಗಿದ್ದುದೇ ಇದಕ್ಕೆ ಕಾರಣವಿರಬಹುದೇ ಎಂದು ಅವರ ಸಮವಸ್ತ್ರದ ಸೊಂಟದ ಅಳತೆಗಳನ್ನೂ ತೆಗೆಸಿ ನೋಡಿದರು. ಅಷ್ಟರಿಂದಲೇ ವ್ಯತ್ಯಾಸವನ್ನೆಲ್ಲ ವಿವರಿಸಲು ಆಗಲಿಲ್ಲ. ಆದ್ದರಿಂದ ತೂಕ ಒಂದು ಗ್ರಾಂ ಇಳಿಯದಿದ್ದರೂ ವ್ಯಾಯಾಮ ವ್ಯರ್ಥವಾಯಿತೆಂದು ದಯವಿಟ್ಟು ತಿಳಿಯಬೇಡಿ. ಈ ಪುಟದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಎಂದು ನಾನು ಕೇಳಿಕೊಳ್ಳುತ್ತೇನೆ.

ನನ್ನ ಬಿಎಂಐ 26 ಬಂದಿದೆ. ಹೆದರಬೇಕೇ?

ಹೆದರುವ ಅಗತ್ಯವಿಲ್ಲ, ಆದರೆ ಇನ್ನೊಂದು ಅಳತೆ ತೆಗೆದುಕೊಳ್ಳಬೇಕು. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವುದೇ ಬಿಎಂಐ. ಈ ಲೆಕ್ಕವನ್ನು 19ನೆಯ ಶತಮಾನದಲ್ಲಿ ರೂಪಿಸಿದ ಬೆಲ್ಜಿಯಂನ ಕೆಟಲೆ ವೈದ್ಯರಲ್ಲ, ಜನಸಮೂಹದ ಸರಾಸರಿಗಳನ್ನು ಅಧ್ಯಯನ ಮಾಡುತ್ತಿದ್ದ ಸಂಖ್ಯಾಶಾಸ್ತ್ರಜ್ಞ. ಸಮೂಹಕ್ಕೆ ಅದು ಒಳ್ಳೆಯ ಅಳತೆ, ಒಬ್ಬ ವ್ಯಕ್ತಿಗೆ ಅಂದಾಜು ಮಾತ್ರ. ಸಾಮಾನ್ಯವಾಗಿ 18.5ರಿಂದ 24.9ರವರೆಗಿನ ಮಟ್ಟವನ್ನು ಸಹಜವೆಂದೂ, 25ರಿಂದ ಮುಂದೆ ಅಧಿಕ ತೂಕವೆಂದೂ, 30 ದಾಟಿದರೆ ಸ್ಥೂಲಕಾಯವೆಂದೂ ಪರಿಗಣಿಸುತ್ತಾರೆ. ಏಷ್ಯಾ ಮೂಲದವರಲ್ಲಿ ಮಧುಮೇಹ ಮತ್ತು ಹೃದ್ರೋಗದ ಅಪಾಯ ಇನ್ನೂ ಕೆಳಗಿನ ಮಟ್ಟದಲ್ಲಿಯೇ ಕಾಣಿಸಿಕೊಳ್ಳುವುದರಿಂದ, ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯೊಂದು 2004ರಲ್ಲಿ ಅವರಿಗಾಗಿ 23 ಮತ್ತು 27.5 ಎಂಬ ಎಚ್ಚರಿಕೆಯ ಗಡಿಗಳನ್ನು ಸೂಚಿಸಿತು.

ಆ ಇನ್ನೊಂದು ಅಳತೆ ಸೊಂಟದ ಸುತ್ತಳತೆ. ಅತ್ಯಂತ ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳದೆ ಟೇಪು ಹಿಡಿಯಿರಿ. ಅದು ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು. 160 ಸೆಂಟಿಮೀಟರ್ ಎತ್ತರದವರ ಸೊಂಟ 80ರ ಒಳಗಿದ್ದು, ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ ಸರಿಯಾಗಿದ್ದರೆ 26 ಎಂಬ ಸಂಖ್ಯೆಗೆ ನಿದ್ದೆಗೆಡಬೇಕಾಗಿಲ್ಲ. ಬಿಎಂಐ 22 ಇದ್ದು ಹೊಟ್ಟೆ ಮುಂದಕ್ಕೆ ಬಂದಿರುವವರೇ ಹೆಚ್ಚು ಎಚ್ಚರಿಕೆ ವಹಿಸಬೇಕು.

ನನಗೆ 61 ವರ್ಷ, ಇದುವರೆಗೆ ವ್ಯಾಯಾಮ ಅಂತ ಏನೂ ಮಾಡಿಲ್ಲ. ಎಲ್ಲಿಂದ ಶುರು ಮಾಡಲಿ?

ಒಂದು ಕುರ್ಚಿಯಿಂದ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಜಾರದಂತೆ ಗೋಡೆಗೆ ಒರಗಿಸಿ ಇಡಿ. ಅಂಚಿಗೆ ಬಂದು ಕುಳಿತು, ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಂಡು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ, ಹಿಮ್ಮಡಿಯಿಂದ ನೆಲವನ್ನು ಒತ್ತಿ ಎದ್ದು ನಿಲ್ಲಿ. ಕುಳಿತುಕೊಳ್ಳುವಾಗ ಧೊಪ್ಪೆಂದು ಬೀಳದೆ ಮನಸ್ಸಿನಲ್ಲಿ ಮೂರು ಎಣಿಸುತ್ತಾ ಇಳಿಯಿರಿ. ಕೊನೆಯ ಒಂದು ಗೇಣು ದೂರದಲ್ಲಿ ತೊಡೆ ನಡುಗುತ್ತದೆ. ಆ ನಡುಕವೇ ಸ್ನಾಯು ಕೆಲಸ ಮಾಡುತ್ತಿರುವುದರ ಗುರುತು.

ಹೀಗೆ 30 ಸೆಕೆಂಡಿನಲ್ಲಿ ಎಷ್ಟು ಬಾರಿ ಏಳಬಲ್ಲಿರಿ ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ವೃದ್ಧರ ಚಿಕಿತ್ಸೆಯಲ್ಲಿ ಬಳಸುವ ಪರೀಕ್ಷೆಯೇ ಇದು. 60ರಿಂದ 64ರ ವಯಸ್ಸಿನ ಪುರುಷರಿಗೆ 14ಕ್ಕಿಂತ, ಮಹಿಳೆಯರಿಗೆ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸರಾಸರಿಗಿಂತ ಕಡಿಮೆಯಿದೆ ಎಂದು ಅರ್ಥ. ದಿನ ಬಿಟ್ಟು ದಿನ ಎಂಟೆಂಟು ಬಾರಿಯಂತೆ ಎರಡು ಸುತ್ತು ಮಾಡಿ, ಜೊತೆಗೆ ದಿನಕ್ಕೆ ಹತ್ತು ನಿಮಿಷದ ನಡಿಗೆಯನ್ನು ಸೇರಿಸಿ. ವಾರಕ್ಕೊಮ್ಮೆ ದಿನದ ನಡಿಗೆಗೆ ಎರಡು ಮೂರು ನಿಮಿಷ ಹೆಚ್ಚಿಸುತ್ತಾ ಹೋದರೆ ಐದಾರು ವಾರಗಳಲ್ಲಿ ವಾರಕ್ಕೆ 150 ನಿಮಿಷ ತಲುಪುವುದು ಕಷ್ಟವಲ್ಲ. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದ್ದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷದ ತೀವ್ರ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ. ನಡೆಯುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಶ್ರಮಕ್ಕೆ ಮೀರಿದ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ತಡಮಾಡದೆ ವೈದ್ಯರನ್ನು ಕಾಣಬೇಕು.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕಾ?

ಆಗಲೇಬೇಕೆಂದಿಲ್ಲ. ಈ ಸಂಖ್ಯೆ ಹುಟ್ಟಿದ್ದು ಪ್ರಯೋಗಾಲಯದಲ್ಲಿ ಅಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣವೊಂದಕ್ಕೆ ‘ಮಾನ್ಪೊ-ಕೇ’ ಎಂಬ ಹೆಸರಿಟ್ಟರು. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂಬುದು ಅದರ ಅರ್ಥ. ಹೆಸರೇ ಮುಂದೆ ನಿಯಮವಾಗಿಬಿಟ್ಟಿತು. 2019ರಲ್ಲಿ ಪ್ರಕಟವಾದ, ಸರಾಸರಿ 72 ವರ್ಷದ ಸುಮಾರು 16,700 ಮಹಿಳೆಯರ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. ಈ ಲಾಭ 7,500ರ ಹತ್ತಿರ ಹೆಚ್ಚುಕಡಿಮೆ ಸಮತಟ್ಟಾಯಿತು. ಹೆಚ್ಚು ನಡೆಯಲು ಸಾಧ್ಯವಿರುವವರು ನಡೆಯಲಿ. ಮೂರು ಸಾವಿರದಲ್ಲಿ ಇರುವವರು ಐದು ಸಾವಿರಕ್ಕೆ ಹೋದರೆ ದೊಡ್ಡ ಪಾಲಿನ ಲಾಭ ಅವರಿಗೆ ಸಿಕ್ಕಿರುತ್ತದೆ.

ಎಷ್ಟು ವೇಗವಾಗಿ ನಡೆಯಬೇಕು ಎಂದು ಗೊತ್ತಾಗುವುದು ಹೇಗೆ?

ಮಾತಾಡಿ ನೋಡಿ. ಮಾತಾಡಲು ಆಗುತ್ತಿದ್ದು ಹಾಡಲು ಉಸಿರು ಸಾಲದಿದ್ದರೆ ಅದು ಮಧ್ಯಮ ಶ್ರಮ. ನಾಲ್ಕು ಪದಕ್ಕೊಮ್ಮೆ ಉಸಿರೆಳೆದುಕೊಳ್ಳಬೇಕಾದರೆ ಅದು ತೀವ್ರ ಶ್ರಮ. ಇದಕ್ಕಾಗಿ ಕೈಗಡಿಯಾರ ಕೊಳ್ಳುವ ಅಗತ್ಯವಿಲ್ಲ.

## ಆಹಾರದ ಕುರಿತು

ನಾನು ತಿನ್ನುವುದೇ ಕಡಿಮೆ, ಆದರೂ ತೂಕ ಇಳಿಯುತ್ತಿಲ್ಲ. ಯಾಕೆ?

ಹೀಗೆ ಕೇಳುವವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಿಯೂ ಹಾಗೆಯೇ ಅನ್ನಿಸುತ್ತದೆ. ನಾವು ತಿಂದದ್ದನ್ನು ಅಂದಾಜು ಮಾಡುವುದರಲ್ಲಿ ಎಲ್ಲರೂ ಸೋಲುತ್ತೇವೆ, ಪೌಷ್ಟಿಕಾಂಶ ಓದಿಕೊಂಡವರೂ ಇದಕ್ಕೆ ಹೊರತಲ್ಲ. ಕಾರಣ ಊಟದ ಗಾತ್ರಕ್ಕೂ ಅದರಲ್ಲಿರುವ ಶಕ್ತಿಗೂ ನೇರ ಸಂಬಂಧವಿಲ್ಲದಿರುವುದು. ಒಂದು ಗ್ರಾಂ ಪಿಷ್ಟ (ಕಾರ್ಬೋಹೈಡ್ರೇಟ್) ಅಥವಾ ಪ್ರೋಟೀನಿನಲ್ಲಿ 4 ಕ್ಯಾಲೊರಿ, ಮದ್ಯಸಾರದಲ್ಲಿ 7, ಕೊಬ್ಬಿನಲ್ಲಿ 9 ಕ್ಯಾಲೊರಿ ಇರುತ್ತದೆ.

ಒಂದು ದಿನ ಅಡುಗೆಮನೆಯಲ್ಲಿ ಈ ಪ್ರಯೋಗ ಮಾಡಿ. ಬಾಣಲೆಯನ್ನು ಗ್ರಾಂ ತೋರಿಸುವ ಸಣ್ಣ ತಕ್ಕಡಿಯ ಮೇಲೆ ಇಟ್ಟು ಸೊನ್ನೆಗೆ ತನ್ನಿ. ನಂತರ ದಿನವೂ ಸುರಿಯುವಷ್ಟೇ ಎಣ್ಣೆಯನ್ನು, ಕೈ ಹಿಡಿಯದೆ, ಅಭ್ಯಾಸದ ಪ್ರಕಾರ ಸುರಿಯಿರಿ. ‘ಎರಡು ಚಮಚ’ ಎಂದು ನಾನು ನಂಬಿದ್ದ ಎಣ್ಣೆ ಮೊದಲ ಸಲ ತೂಗಿದಾಗ 41 ಗ್ರಾಂ ಇತ್ತು. 15 ಮಿಲಿಲೀಟರಿನ ಒಂದು ದೊಡ್ಡ ಚಮಚ ಎಣ್ಣೆ ಸುಮಾರು 13.5 ಗ್ರಾಂ, ಅಂದರೆ ಹತ್ತಿರ ಹತ್ತಿರ 120 ಕ್ಯಾಲೊರಿ. 70 ಕಿಲೋ ತೂಕದವರು ಅರ್ಧ ಗಂಟೆ ನಡೆದರೆ ಖರ್ಚಾಗುವುದೂ ಸುಮಾರು ಅಷ್ಟೇ. ಬಾಣಲೆಯ ತಳದಲ್ಲಿ ಹೊಳೆಯುತ್ತಾ ಹರಡಿಕೊಂಡ ಆ ತೆಳು ಪದರವನ್ನು ನೋಡಿ ಅದು ಮೂರು ಚಮಚ ಎಂದು ಯಾರಿಗೂ ಅನ್ನಿಸುವುದಿಲ್ಲ.

ಜೀವನಪೂರ್ತಿ ತೂಗಿ ತಿನ್ನಿ ಎಂದು ನಾನು ಹೇಳುತ್ತಿಲ್ಲ. ಎರಡು ವಾರ ಎಣ್ಣೆ, ಬೆಣ್ಣೆ, ಸಕ್ಕರೆ, ಬೀಜಗಳು ಮತ್ತು ಕುಡಿಯುವ ಪಾನೀಯಗಳನ್ನಷ್ಟೇ ಅಳೆದು ಬರೆದಿಟ್ಟರೆ ಕಣ್ಣಿಗೆ ಅಳತೆ ಬರುತ್ತದೆ. ಆಮೇಲೆ ತಕ್ಕಡಿಯನ್ನು ಒಳಗಿಡಬಹುದು. ದಿನಕ್ಕೆ ಸುಮಾರು 500 ಕ್ಯಾಲೊರಿಯ ಕೊರತೆ ಹೆಚ್ಚಿನವರಿಗೆ ಸಹಿಸಬಹುದಾದ ಮಟ್ಟ. ವಾರಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋ ಒಳಗಿನ ಇಳಿಕೆ ಸಾಕು.

ಕಾರ್ಬೋಹೈಡ್ರೇಟ್ ಪೂರ್ತಿ ಬಿಟ್ಟವರು ಒಂದೇ ವಾರದಲ್ಲಿ ಮೂರು ಕಿಲೋ ಇಳಿದಿದ್ದಾರೆ. ನಾನೂ ಬಿಡಲೇ?

ಮೊದಲ ವಾರ ಇಳಿದದ್ದು ಬಹುಪಾಲು ನೀರು. ದೇಹವು ಪಿಷ್ಟವನ್ನು ಗ್ಲೈಕೊಜೆನ್ ರೂಪದಲ್ಲಿ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಅರ್ಧ ಕಿಲೋದಷ್ಟು ಸಂಗ್ರಹಿಸಿಟ್ಟುಕೊಂಡಿರುತ್ತದೆ, ಮತ್ತು ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಿಷ್ಟ ನಿಂತರೆ ಈ ದಾಸ್ತಾನು ಖಾಲಿಯಾಗಿ ನೀರೂ ಹೊರಟುಹೋಗುತ್ತದೆ. ಒಂದು ಹೊತ್ತು ಹೊಟ್ಟೆ ತುಂಬ ಊಟ ಮಾಡಿದರೆ ಅದರಲ್ಲಿ ಒಂದಷ್ಟು ಮರಳಿ ಬರುತ್ತದೆ, ಆಗ ಎಲ್ಲವೂ ಹಾಳಾಯಿತೆಂದು ಜನ ಕುಗ್ಗಿಹೋಗುತ್ತಾರೆ.

ದೀರ್ಘಾವಧಿಯ ಫಲವನ್ನು ನೋಡಲು 2018ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. 609 ಜನರಲ್ಲಿ ಒಂದು ಗುಂಪು ಕೊಬ್ಬನ್ನೂ ಇನ್ನೊಂದು ಗುಂಪು ಪಿಷ್ಟವನ್ನೂ ಕಡಿಮೆ ಮಾಡಿತು. ಎರಡೂ ಗುಂಪಿಗೆ ತರಕಾರಿ ಹೆಚ್ಚು, ಸಕ್ಕರೆ ಮತ್ತು ಮೈದಾ ಕಡಿಮೆ ತಿನ್ನುವಂತೆ ಹೇಳಲಾಗಿತ್ತು. ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 5.3 ಕಿಲೋ, ಎರಡನೆಯದು 6 ಕಿಲೋ ಇಳಿದಿತ್ತು. ಈ ಅಂತರ ಲೆಕ್ಕಕ್ಕೆ ತೆಗೆದುಕೊಳ್ಳುವಂಥದ್ದಲ್ಲ. ಗಮನಿಸಬೇಕಾದದ್ದು ಬೇರೆಯೇ ಇದೆ: ಎರಡೂ ಗುಂಪಿನಲ್ಲಿ ಬಹಳ ಇಳಿದವರೂ ಇದ್ದರು, ತೂಕ ಏರಿಸಿಕೊಂಡವರೂ ಇದ್ದರು. ನಿಮಗೆ ವರ್ಷಗಟ್ಟಲೆ ಬೇಸರವಿಲ್ಲದೆ ತಿನ್ನಲು ಯಾವುದು ಸಾಧ್ಯವೋ ಅದನ್ನು ಆರಿಸಿಕೊಳ್ಳಿ.

ಪ್ರೋಟೀನ್ ಎಷ್ಟು ಬೇಕು? ಪುಡಿ ಕುಡಿಯಲೇಬೇಕೇ?

ಕೊರತೆಯಾಗದಿರಲು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಸಾಕು. ಸ್ನಾಯುಬಲದ ವ್ಯಾಯಾಮ ಮಾಡುವವರಿಗೆ ಮತ್ತು ತೂಕ ಇಳಿಸುತ್ತಾ ಸ್ನಾಯುವನ್ನು ಉಳಿಸಿಕೊಳ್ಳಬೇಕಾದವರಿಗೆ 1.2ರಿಂದ 1.6 ಗ್ರಾಂ ಹೆಚ್ಚು ಅನುಕೂಲ. 60 ಕಿಲೋ ಇರುವವರಿಗೆ ಇದು 72ರಿಂದ 96 ಗ್ರಾಂ ಆಗುತ್ತದೆ. ಇದನ್ನು ಒಂದೇ ಊಟಕ್ಕೆ ತುಂಬದೆ ಮೂರು ನಾಲ್ಕು ಹೊತ್ತಿಗೆ ಹಂಚಿಕೊಂಡರೆ ಹೊಟ್ಟೆಗೂ ಹಿತ, ಹಸಿವೂ ಹತೋಟಿಯಲ್ಲಿರುತ್ತದೆ. ಬೇಳೆಕಾಳು, ಸೋಯಾ, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ, ಇವುಗಳಲ್ಲಿ ನಿಮಗೆ ಒಗ್ಗುವುದರಿಂದ ಇಷ್ಟನ್ನು ಪಡೆಯಬಹುದು. ಸಸ್ಯಾಹಾರಿಗಳು ಕಾಳಿನ ಜೊತೆಗೆ ಧಾನ್ಯವನ್ನೂ ತಿಂದರೆ ಒಂದರಲ್ಲಿ ಕಡಿಮೆಯಿರುವ ಅಮೈನೊ ಆಮ್ಲವನ್ನು ಇನ್ನೊಂದು ತುಂಬಿಕೊಡುತ್ತದೆ. ಪುಡಿ ಎಂಬುದು ಹಾಲು ಅಥವಾ ಕಾಳಿನಿಂದ ಬೇರ್ಪಡಿಸಿ ಒಣಗಿಸಿದ ಆಹಾರವೇ ಹೊರತು ಔಷಧಿಯಲ್ಲ. ಊಟದಿಂದ ಲೆಕ್ಕ ತುಂಬದಿದ್ದರೆ ಬಳಸಬಹುದು, ತುಂಬಿದರೆ ಬೇಡ. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ದಿನಕ್ಕೆ ಎಂಟು ಗಂಟೆ ಮಾತ್ರ ತಿಂದು ಉಳಿದ ಹೊತ್ತು ಉಪವಾಸ ಇದ್ದರೆ ಬೇಗ ಇಳಿಯುತ್ತದಂತೆ, ಹೌದೇ?

ಉಪವಾಸದ ಹೊತ್ತಿನಿಂದ ಒಟ್ಟು ತಿನ್ನುವುದು ಕಡಿಮೆಯಾದರೆ ಇಳಿಯುತ್ತದೆ, ಇಲ್ಲದಿದ್ದರೆ ಇಲ್ಲ. 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 139 ಜನರಿಗೆ ಒಂದು ವರ್ಷ ಸಮಾನ ಕ್ಯಾಲೊರಿಯ ಮಿತಿ ಹಾಕಿ, ಅರ್ಧದಷ್ಟು ಜನರಿಗೆ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿನ್ನಲು ಹೇಳಿದ್ದರು. ಆ ಸಮಯದ ಕಟ್ಟುಪಾಡಿನಿಂದ ಗಮನಾರ್ಹವಾದ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. ರಾತ್ರಿ ಟಿವಿ ಮುಂದೆ ಕುಳಿತು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವಿರುವವರಿಗೆ ‘ಎಂಟರ ನಂತರ ಅಡುಗೆಮನೆ ಬಂದ್’ ಎಂಬ ನಿಯಮ ಬಹಳ ಸಹಾಯ ಮಾಡುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಲ್ಲಿ ದೀರ್ಘ ಉಪವಾಸದಿಂದ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅವರು ಸ್ವಂತ ನಿರ್ಧಾರದಿಂದ ಇದಕ್ಕೆ ಇಳಿಯಬಾರದು.

ಪ್ಯಾಕೆಟ್ ತಿಂಡಿಯಲ್ಲೂ ಕ್ಯಾಲೊರಿ ಅಷ್ಟೇ ಇದ್ದರೆ ತಿಂದರೆ ತಪ್ಪೇನು?

ತೊಂದರೆ ಅಷ್ಟಕ್ಕೇ ನಿಲ್ಲಿಸಲು ಆಗದಿರುವುದು. 2019ರಲ್ಲಿ ಅಮೆರಿಕದ ಸಂಶೋಧಕರು 20 ಜನರನ್ನು ನಾಲ್ಕು ವಾರ ತಮ್ಮಲ್ಲಿಯೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಸಾದಾ ಅಡುಗೆಯನ್ನೂ ಬಡಿಸಿದರು. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ನಾರು, ಉಪ್ಪು ಸಮನಾಗಿಯೇ ಇತ್ತು, ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯವೂ ಇತ್ತು. ಸಂಸ್ಕರಿಸಿದ ಆಹಾರದ ವಾರಗಳಲ್ಲಿ ಅವರು ತಮಗರಿವಿಲ್ಲದೆಯೇ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದು ಸರಾಸರಿ 0.9 ಕಿಲೋ ಏರಿದರು. ಸಾದಾ ಅಡುಗೆಯ ವಾರಗಳಲ್ಲಿ ಅಷ್ಟೇ ಇಳಿದರು. ಮೆತ್ತಗಿರುವ, ಅಗಿಯುವ ಕೆಲಸವಿಲ್ಲದ ತಿಂಡಿ ಬೇಗ ಬೇಗ ಒಳಗೆ ಹೋಗುತ್ತದೆ, ಹೊಟ್ಟೆ ತುಂಬಿದ ಸೂಚನೆ ಮಿದುಳಿಗೆ ತಲುಪುವಷ್ಟರಲ್ಲಿ ಪೊಟ್ಟಣ ಖಾಲಿಯಾಗಿರುತ್ತದೆ. ಇಚ್ಛಾಶಕ್ತಿಯಿಲ್ಲ ಎಂದು ತಮ್ಮನ್ನೇ ಹಳಿದುಕೊಳ್ಳುವವರಿಗೆ ನಾನು ಈ ಪ್ರಯೋಗವನ್ನು ತಪ್ಪದೆ ಹೇಳುತ್ತೇನೆ.

## ವ್ಯಾಯಾಮದ ಕುರಿತು

ಹೊಟ್ಟೆಯ ಬೊಜ್ಜು ಮಾತ್ರ ಕರಗಬೇಕು. ಯಾವ ವ್ಯಾಯಾಮ ಮಾಡಲಿ?

ಒಂದು ಜಾಗದ ಕೊಬ್ಬನ್ನಷ್ಟೇ ಕರಗಿಸುವ ವ್ಯಾಯಾಮವಿಲ್ಲ. ಸ್ನಾಯು ತನ್ನ ಮೇಲೆ ಕುಳಿತ ಕೊಬ್ಬನ್ನೇ ನೇರವಾಗಿ ಉರಿಸುವುದಿಲ್ಲ, ದೇಹದ ಎಲ್ಲೆಡೆಯಿಂದ ರಕ್ತಕ್ಕೆ ಬಂದ ಕೊಬ್ಬನ್ನು ಬಳಸುತ್ತದೆ. 1971ರಲ್ಲಿ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಿದಾಗ, ಆಡುವ ತೋಳು ದಪ್ಪವಾಗಿದ್ದರೂ ಚರ್ಮದಡಿಯ ಕೊಬ್ಬಿನ ಪದರ ಎರಡರಲ್ಲೂ ಒಂದೇ ಇತ್ತು. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಸ್ನಾಯು ಬಲವಾಗುತ್ತದೆ, ಅದು ಒಳ್ಳೆಯದೇ, ಆದರೆ ಬೊಜ್ಜಿಗೆ ಅದು ಮದ್ದಲ್ಲ. ಸಮಾಧಾನದ ಸಂಗತಿಯೆಂದರೆ, ಕರುಳಿನ ಸುತ್ತ ಸೇರಿಕೊಂಡ ಅಪಾಯಕಾರಿ ಕೊಬ್ಬು ನಿಯಮಿತ ನಡಿಗೆ, ಓಟ, ಸೈಕಲ್ ಸವಾರಿಗಳಿಗೆ ಚೆನ್ನಾಗಿಯೇ ಸ್ಪಂದಿಸುತ್ತದೆ. ತೂಕ ಬದಲಾಗದೆ ಸೊಂಟದ ಅಳತೆ ಮಾತ್ರ ಕಡಿಮೆಯಾಗುವುದೂ ಉಂಟು.

ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ ಎಂದು ಹಲವರು ಕೇಳುತ್ತಾರೆ. ಬೆವರಿನಲ್ಲಿ ಹೋಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ನಿಜವಾಗಿ ಹತ್ತು ಕಿಲೋ ಕೊಬ್ಬು ಉರಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಹೋಗುತ್ತದೆ, 1.6 ಕಿಲೋ ಮಾತ್ರ ನೀರಾಗುತ್ತದೆ. ಬೆವರು ಸುರಿಯಲೆಂದು ಪ್ಲಾಸ್ಟಿಕ್ ಸುತ್ತಿಕೊಂಡು ಓಡುವುದರಿಂದ ನೀರು ನಷ್ಟವಾಗುತ್ತದೆ, ಮೈ ಕಾವೇರಿ ಅಪಾಯವಾಗಬಹುದು, ಬೇರೇನೂ ಸಿಗುವುದಿಲ್ಲ.

ದಿನಾ ವಾಕಿಂಗ್ ಮಾಡುತ್ತೇನಲ್ಲ, ಭಾರ ಎತ್ತುವುದು ನನಗೇಕೆ?

ನಡಿಗೆ ಹೃದಯವನ್ನು ಕಾಯುತ್ತದೆ, ಆದರೆ ವಯಸ್ಸಿನೊಂದಿಗೆ ಕರಗುವ ಸ್ನಾಯುವನ್ನು ಉಳಿಸಲು ಅದೊಂದೇ ಸಾಲದು. ಮೂವತ್ತರ ನಂತರ ಪ್ರತಿ ದಶಕಕ್ಕೆ ಸ್ನಾಯುವಿನ ಶೇ. 3ರಿಂದ 8ರಷ್ಟು ಭಾಗ ಕಡಿಮೆಯಾಗುತ್ತಾ ಹೋಗುತ್ತದೆ, ಅರವತ್ತರ ನಂತರ ಇನ್ನೂ ವೇಗವಾಗಿ. ಬಚ್ಚಲಲ್ಲಿ ಜಾರಿದಾಗ ಸಾವರಿಸಿಕೊಳ್ಳುವುದು, ನೆಲದಿಂದ ಆಸರೆಯಿಲ್ಲದೆ ಏಳುವುದು, ನೀರು ತುಂಬಿದ ಬಕೆಟ್ ಎತ್ತುವುದು, ಇವೆಲ್ಲ ಆ ಸ್ನಾಯುವಿನ ಕೆಲಸಗಳು. ತೂಕ ಇಳಿಸುವಾಗಲೂ ಕೊಬ್ಬಿನ ಜೊತೆಗೆ ಸ್ನಾಯು ಕರಗುತ್ತದೆ. ಭಾರದ ವ್ಯಾಯಾಮವಿಲ್ಲದಿದ್ದರೆ ಇಳಿದ ತೂಕದ ಕಾಲು ಭಾಗದಷ್ಟು ಕೊಬ್ಬಲ್ಲದ ಅಂಶವೇ ಆಗಿರಬಹುದು.

ವಯಸ್ಸಾಯಿತೆಂಬ ಕಾರಣವನ್ನು ನಾನು ಒಪ್ಪುವುದಿಲ್ಲ. 1990ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಮಹಿಳೆಯರು ಮೈ ಗಂಡಸಿನಂತೆ ಉಬ್ಬಿಬಿಡುತ್ತದೆ ಎಂದು ಹಿಂಜರಿಯುತ್ತಾರೆ. ಅಂಥ ಸ್ನಾಯುವಿಗೆ ವರ್ಷಗಟ್ಟಲೆ ಕಠಿಣ ಅಭ್ಯಾಸ ಬೇಕು, ಅದು ಅಕಸ್ಮಾತ್ತಾಗಿ ಬರುವಂಥದ್ದಲ್ಲ.

ವಾರಕ್ಕೆ ಎರಡು ದಿನ, ಕುಳಿತೇಳುವುದು, ತಳ್ಳುವುದು, ಎಳೆಯುವುದು, ನೆಲದಿಂದ ಎತ್ತುವುದು ಎಂಬ ನಾಲ್ಕು ಬಗೆಯ ಚಲನೆಗಳು ಸಾಕು. ಕೊನೆಯ ಎರಡು ಮೂರು ಸಲ ಕಷ್ಟವಾಗುವಷ್ಟು ಭಾರವಿರಬೇಕು, ಅದು ಸಲೀಸಾದ ಮೇಲೆ ಸ್ವಲ್ಪ ಹೆಚ್ಚಿಸಬೇಕು. ವರ್ಷವಿಡೀ ಅದೇ ಎರಡು ಕಿಲೋ ಡಂಬೆಲ್ ಹಿಡಿದವರ ದೇಹಕ್ಕೆ ಬದಲಾಗಲು ಕಾರಣವೇ ಇರುವುದಿಲ್ಲ.

ವ್ಯಾಯಾಮ ಮಾಡಿದ ಮರುದಿನ ಮೈಯೆಲ್ಲ ನೋವು. ಮುಂದುವರಿಸಬಹುದೇ?

ಅಭ್ಯಾಸವಿಲ್ಲದ ಶ್ರಮದ ನಂತರ 24ರಿಂದ 72 ಗಂಟೆಗಳಲ್ಲಿ ಹೆಚ್ಚಾಗಿ ಕಾಣಿಸಿಕೊಂಡು ತಾನಾಗಿಯೇ ಇಳಿಯುವ ಮಂದ ನೋವು ಸಹಜ. ಹಗುರವಾಗಿ ನಡೆದಾಡಿದರೆ ಆರಾಮವೆನಿಸುತ್ತದೆ. ಕೀಲಿನೊಳಗೆ ಚುಚ್ಚುವ ನೋವು, ಊತ, ಒಂದೇ ಕಡೆಯ ತೀಕ್ಷ್ಣ ನೋವು ಇದ್ದರೆ ಆ ಚಲನೆಯನ್ನು ನಿಲ್ಲಿಸಿ ತೋರಿಸಿಕೊಳ್ಳಬೇಕು. ಮೂತ್ರ ಗಾಢ ಕಂದು ಬಣ್ಣಕ್ಕೆ ತಿರುಗಿದರೆ ಅದು ತುರ್ತು ಪರಿಸ್ಥಿತಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

## ಕೆಲವು ತಿಂಗಳು ಕಳೆದ ಮೇಲೆ

ಮೊದಲೆರಡು ತಿಂಗಳು ಚೆನ್ನಾಗಿ ಇಳಿಯಿತು, ಈಗ ಆರು ವಾರದಿಂದ ಕದಲುತ್ತಿಲ್ಲ. ಏನು ತಪ್ಪಾಗಿದೆ?

ಬಹುಶಃ ಏನೂ ತಪ್ಪಾಗಿಲ್ಲ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುವುದರಿಂದ ದಿನಕ್ಕೆ 500 ಕಡಿಮೆ ತಿಂದರೆ ಹದಿನೈದು ದಿನಕ್ಕೊಂದು ಕಿಲೋ, ವರ್ಷಕ್ಕೆ 24 ಕಿಲೋ ಎಂದು ಲೆಕ್ಕ ಹಾಕುವವರಿದ್ದಾರೆ. ದೇಹ ಹಾಗೆ ನಡೆದುಕೊಳ್ಳುವುದಿಲ್ಲ. ಹಗುರಾದ ದೇಹವನ್ನು ಹೊತ್ತು ನಡೆಯಲು ಕಡಿಮೆ ಶಕ್ತಿ ಸಾಕು, ವಿಶ್ರಾಂತಿಯಲ್ಲಿನ ಖರ್ಚೂ ಇಳಿಯುತ್ತದೆ, ನಮಗೆ ತಿಳಿಯದಂತೆ ಓಡಾಟವೂ ಕಡಿಮೆಯಾಗುತ್ತದೆ. ಹಸಿವು ಮಾತ್ರ ಏರುತ್ತದೆ. ಆರಂಭದಲ್ಲಿದ್ದ 500ರ ಅಂತರ ಹೀಗೆ ಎರಡೂ ಬದಿಯಿಂದ ಸವೆದು ಸೊನ್ನೆಯಾಗುತ್ತದೆ.

ಮೊದಲು ಮಾಡಬೇಕಾದದ್ದು ಇದು ನಿಜವಾದ ನಿಲುಗಡೆಯೇ ಎಂದು ನೋಡುವುದು. ಉಪ್ಪು, ಮುಟ್ಟಿನ ಚಕ್ರ, ಮಲಬದ್ಧತೆ, ಹೊಸ ವ್ಯಾಯಾಮದ ಊತ, ಇವುಗಳಿಂದ ದಿನದ ತೂಕ ಒಂದೆರಡು ಕಿಲೋ ಹಿಂದೆಮುಂದೆ ಆಗುತ್ತದೆ. ವಾರದ ಸರಾಸರಿಗಳನ್ನು ಹೋಲಿಸಿ, ಸೊಂಟವನ್ನೂ ಅಳೆಯಿರಿ. ಸರಾಸರಿಯೂ ಸೊಂಟವೂ ನಿಂತಿದ್ದರೆ ಒಂದು ವಾರ ಮತ್ತೆ ಅಳೆದು ಬರೆಯಿರಿ, ಚಮಚಗಳು ಮೆಲ್ಲಗೆ ದೊಡ್ಡದಾಗಿರುತ್ತವೆ. ಅದೂ ಸರಿಯಿದ್ದರೆ ಊಟವನ್ನು ಇನ್ನಷ್ಟು ಕಡಿತ ಮಾಡುವ ಬದಲು ಎರಡು ಮೂರು ತಿಂಗಳು ಇದೇ ತೂಕದಲ್ಲಿ ನಿಲ್ಲಲು ಕಲಿಯಿರಿ ಎಂಬುದು ನನ್ನ ಸಲಹೆ. ಆ ಕಲಿಕೆ ಮುಂದೆ ಬೇಕಾಗಿಯೇ ಬೇಕಾಗುತ್ತದೆ.

ನನ್ನ ಮೆಟಬಾಲಿಸಂ ನಿಧಾನವಾಗಿದೆ, ನಲವತ್ತು ದಾಟಿದ ಮೇಲೆ ಹೀಗೆಯೇ ಅಲ್ಲವೇ?

2021ರಲ್ಲಿ ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು 29 ದೇಶಗಳ 6,400ಕ್ಕೂ ಹೆಚ್ಚು ಜನರ ಶಕ್ತಿವ್ಯಯದ ಅಳತೆಗಳನ್ನು ಒಟ್ಟುಗೂಡಿಸಿದರು. ದೇಹದ ಗಾತ್ರ ಮತ್ತು ರಚನೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇಪ್ಪತ್ತರಿಂದ ಅರವತ್ತರವರೆಗೆ ಶಕ್ತಿವ್ಯಯ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ ಎಂದು ಕಂಡುಬಂತು. ಅರವತ್ತರ ನಂತರವೇ ಅದು ನಿಧಾನವಾಗಿ ಇಳಿಯತೊಡಗುತ್ತದೆ. ನಲವತ್ತರಲ್ಲಿ ಬದಲಾಗುವುದು ಕುಳಿತುಕೊಳ್ಳುವ ಹೊತ್ತು, ನಿದ್ದೆ, ಸ್ನಾಯುವಿನ ಪ್ರಮಾಣ ಮತ್ತು ಊಟದ ರೀತಿ. ವಿಪರೀತ ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ ಇವು ತೂಕದ ಜೊತೆಗೇ ಬಂದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ.

ನಿದ್ದೆ ಕಡಿಮೆಯಾದರೆ ತೂಕಕ್ಕೆ ಏನಾಗುತ್ತದೆ?

2010ರ ಒಂದು ಸಣ್ಣ ಪ್ರಯೋಗದಲ್ಲಿ ಹತ್ತು ಮಂದಿಗೆ ಒಂದೇ ಬಗೆಯ ಮಿತ ಆಹಾರ ಕೊಟ್ಟು, ಹದಿನಾಲ್ಕು ದಿನ ಎಂಟೂವರೆ ಗಂಟೆ, ಇನ್ನು ಹದಿನಾಲ್ಕು ದಿನ ಐದೂವರೆ ಗಂಟೆ ಮಲಗಲು ಅವಕಾಶ ಕೊಟ್ಟರು. ಎರಡೂ ಅವಧಿಯಲ್ಲಿ ಇಳಿದ ತೂಕ ಸುಮಾರು ಒಂದೇ. ಆದರೆ ನಿದ್ದೆಗೆಟ್ಟ ಅವಧಿಯಲ್ಲಿ ಕರಗಿದ ಕೊಬ್ಬು ಅರ್ಧಕ್ಕಿಂತ ಕಡಿಮೆಯಾಗಿತ್ತು, ಉಳಿದದ್ದು ಸ್ನಾಯುವಿನಂಥ ಬೇಕಾದ ಅಂಶ. ಬೆಳಗಿನ ಜಾವ ಜಿಮ್‌ಗೆ ಹೋಗಲೆಂದು ಐದು ಗಂಟೆ ಮಾತ್ರ ಮಲಗುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಇನ್ನೂ 25 ಕಿಲೋ ಇಳಿಯಬೇಕು, ಆರು ಕಿಲೋ ಇಳಿದದ್ದರಿಂದ ಏನು ಪ್ರಯೋಜನ?

ಬಹಳ ಪ್ರಯೋಜನವಿದೆ. 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಪ್ರಯೋಗದಲ್ಲಿ, ಮಧುಮೇಹದ ಅಂಚಿನಲ್ಲಿದ್ದ 3,234 ಜನರ ಪೈಕಿ ಒಂದು ಗುಂಪಿಗೆ ಕೊಟ್ಟ ಗುರಿ ತೂಕದ ಶೇ. 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ವ್ಯಾಯಾಮ ಮಾತ್ರ. ಸುಮಾರು ಮೂರು ವರ್ಷಗಳಲ್ಲಿ ಆ ಗುಂಪಿನಲ್ಲಿ ಮಧುಮೇಹ ಬರುವುದು ಶೇ. 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 31ರಷ್ಟು ಕಡಿಮೆಯಾಯಿತು. 85 ಕಿಲೋ ಇದ್ದವರಿಗೆ ಶೇ. 7 ಎಂದರೆ ಆರು ಕಿಲೋ.

ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುವುದು ಅಡ್ಡದಾರಿಯೇ?

ಅಲ್ಲ, ಅದು ಚಿಕಿತ್ಸೆ. ಸೆಮಗ್ಲುಟೈಡ್‌ನಂಥ ಔಷಧಿಗಳು ಊಟದ ನಂತರ ಕರುಳಿನಲ್ಲಿ ಹುಟ್ಟುವ ಹಾರ್ಮೋನನ್ನು ಅನುಕರಿಸಿ ಹಸಿವನ್ನು ತಗ್ಗಿಸುತ್ತವೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇ. 14.9ರಷ್ಟು ತೂಕ ಇಳಿಯಿತು, ಔಷಧಿಯಿಲ್ಲದ ಹುಸಿ ಚುಚ್ಚುಮದ್ದು ಪಡೆದವರಲ್ಲಿ ಶೇ. 2.4. ಔಷಧಿ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಮರಳಿತು. ಇದನ್ನು ವೈದ್ಯರ ನಿಗಾದಲ್ಲಿಯೇ ತೆಗೆದುಕೊಳ್ಳಬೇಕು. ಹಸಿವಿಲ್ಲದ ಆ ತಿಂಗಳುಗಳಲ್ಲಿ ಪ್ರೋಟೀನ್ ಮತ್ತು ಭಾರದ ವ್ಯಾಯಾಮವನ್ನು ಬಿಟ್ಟರೆ ಸ್ನಾಯು ಬಹಳವಾಗಿ ಕರಗುತ್ತದೆ. ಔಷಧಿ ತೆಗೆದುಕೊಳ್ಳುವವರನ್ನು ಹಂಗಿಸುವುದು ನನಗೆ ನೋವುಂಟುಮಾಡುತ್ತದೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರನ್ನು ಯಾರೂ ಹಾಗೆ ಹಂಗಿಸುವುದಿಲ್ಲ.

ದಿನವಿಡೀ ಊಟದ್ದೇ ಯೋಚನೆ, ಒಂದು ತುತ್ತು ಹೆಚ್ಚಾದರೂ ತಪ್ಪು ಮಾಡಿದಂತೆ ಅನ್ನಿಸುತ್ತದೆ. ಇದು ಶಿಸ್ತೇ?

ಇದು ಶಿಸ್ತಲ್ಲ, ಹಸಿದ ದೇಹದ ಕೂಗು. 1944–45ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರಿಗೆ, ಯುದ್ಧದ ಹಸಿವಿನಿಂದ ನರಳುವವರಿಗೆ ನೆರವಾಗುವ ವಿಧಾನ ತಿಳಿಯಲೆಂದು, 24 ವಾರ ಅರೆಹೊಟ್ಟೆ ಊಟ ಕೊಟ್ಟರು. ದಿನಕ್ಕೆ ಸುಮಾರು 1,600 ಕ್ಯಾಲೊರಿ. ಇಂದಿನ ಎಷ್ಟೋ ಡಯಟ್ ಪಟ್ಟಿಗಳು ಇದಕ್ಕಿಂತ ಕಡಿಮೆ. ಆ ಯುವಕರು ಅಡುಗೆ ಪುಸ್ತಕಗಳನ್ನು ಓದುತ್ತಾ ಕುಳಿತರು, ತಟ್ಟೆ ನೆಕ್ಕಿದರು, ಗೆಳೆಯರಿಂದ ದೂರವಾದರು, ಖಿನ್ನರಾದರು. ಊಟ ಮರಳಿ ಸಿಕ್ಕ ಮೇಲೂ ಕೆಲವರ ಹಸಿವು ಬಹಳ ಕಾಲ ತಣಿಯಲಿಲ್ಲ. ಅವರಲ್ಲಿ ಯಾರೂ ದುರ್ಬಲ ಮನಸ್ಸಿನವರಾಗಿರಲಿಲ್ಲ.

ಆದ್ದರಿಂದ ತೂಕ ಇಳಿಸುವುದನ್ನು ಇಂದೇ ನಿಲ್ಲಿಸಿ, ಮೂರು ಹೊತ್ತು ಹೊಟ್ಟೆ ತುಂಬ ಊಟಕ್ಕೆ ಮರಳಿ. ತಿಂದದ್ದನ್ನು ವಾಂತಿ ಮಾಡುವುದು, ಗುಟ್ಟಾಗಿ ಅತಿಯಾಗಿ ತಿನ್ನುವುದು, ಮುಟ್ಟು ನಿಂತುಹೋಗಿರುವುದು, ತಿಂದ ತಪ್ಪಿಗೆ ದಂಡವೆಂಬಂತೆ ಗಂಟೆಗಟ್ಟಲೆ ಓಡುವುದು, ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೋ ಮನೋವೈದ್ಯರಿಗೋ ಹೇಳಿಕೊಳ್ಳಿ. ಹೋಗುವಾಗ ಮನೆಯವರಲ್ಲಿ ನೀವು ನಂಬುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ತೂಕದ ಯಂತ್ರವನ್ನು ಅವರ ಕೈಗೆ ಕೊಟ್ಟು ಕಣ್ಣಿಗೆ ಬೀಳದಲ್ಲಿ ಇಡಿಸಿ.